ಅಕ್ಕಿಯನ್ನು ಎಷ್ಟು ತಳಿಸಬೇಕು?

ಬದ್ಧಜೀವನ ಸ್ಥಿತಿಯನ್ನು ಸಾಮಾನ್ಯರಿಗೆ ಮನಗಾಣಿಸಬೇಕೆಂದು ಹೊರಟ ನಮ್ಮ ಪ್ರಾಚೀನ ದಾರ್ಶನಿಕರು, ಆಕಾಶದ ದೃಷ್ಟಾಂತವನ್ನೂ ಸಮುದ್ರದ ದೃಷ್ಟಾಂತವನ್ನೂ ಬಳಸಿದ ಮೇಲೆ, ಕಡೆಗೆ ಬಂದು ನಿಂತದ್ದು ಒರಳು ಒನಕೆಗಳ ಬಳಿಯಲ್ಲಿ. ಭತ್ತಕ್ಕೆ ಉಮಿ ಹುಟ್ಟಿನೊಡನೆಯೇ ಬಂದಿರುವಂತೆ ಆತ್ಮಕ್ಕೆ ಆಣವಮಲವೆಂಬ ಕೊಳೆಯು ಅನಾದಿಯಾಗಿ ಅಂಟಿಕೊಂಡಿದೆಯೆಂದೂ, ಕುಟ್ಟಿದಾಗ ಉಮಿ ಬೇರೆ ಅಕ್ಕಿ ಬೇರೆಯಾಗುವಂತೆ ದೀಕ್ಷೆಯಿಂದ ಆ ಮಲವು ಕಳಚುವುದೆಂದೂ ಶೈವಸಿದ್ಧಾಂತಿಗಳು ಉಪದೇಶಿಸಿದರು. ಸುಮಾರು 1,000 ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತಾಚಾರ್ಯರು ಇನ್ನಷ್ಟು ಸೂಕ್ಷ್ಮವಾಗಿ ನೋಡಿ, ಜೀವನನ್ನು ಆವರಿಸಿದ ಕಂಚುಕಗಳು ಉಮಿಯಂತೆ ಸಡಿಲವಾಗಿರದೆ, ಕಾಳಿಗೆ ಮೈಯೊತ್ತಿ ಕುಳಿತ ತೌಡಿನಂತಿವೆಯೆಂದು ತಮ್ಮ ‘ಪರಮಾರ್ಥಸಾರ’ದಲ್ಲಿ ಹೇಳಿದರು; ಉಮಿಯನ್ನೂ ತೌಡನ್ನೂ ಕಳೆದುಕೊಂಡ ಬೀಜವು ಮತ್ತೆ ಮೊಳೆಯದಿರುವಂತೆ ಮುಕ್ತನಿಗೆ ಪುನರ್ಜನ್ಮವಿಲ್ಲವೆಂಬುದು ಅವರ ಅಭಿಪ್ರಾಯ. ಉಪಮೆಯು ಎಷ್ಟು ಸಮಂಜಸವಾಗಿದೆಯೆಂದರೆ, ಅದರ ಸೊಬಗಿನಲ್ಲಿ ಮೈಮರೆತ ನಾವು, ಹಾಗೆ ಕಳೆದುಹೋದ ತೌಡಿನಲ್ಲಿ ಏನಿತ್ತು ಎಂದು ಕೇಳುವುದನ್ನೇ ಮರೆತುಬಿಡುತ್ತೇವೆ.

ಈ ಪ್ರಶ್ನೆಯನ್ನು ಶಾಸ್ತ್ರಜ್ಞರಿಗಿಂತ ಮೊದಲು ಕೇಳಿದವುಗಳು ಕೋಳಿಗಳು ಎಂದರೆ ಅತಿಶಯೋಕ್ತಿಯಾಗಲಾರದು. 19ನೆಯ ಶತಮಾನದ ಕಡೆಯಲ್ಲಿ ಜಾವಾದ್ವೀಪದ ಬಟೇವಿಯಾ ನಗರದಲ್ಲಿ ಕ್ರಿಸ್ತಿಯಾನ್ ಐಕ್ಮನ್ ಎಂಬ ಡಚ್ ವೈದ್ಯನು ಬೆರಿಬೆರಿ ರೋಗದ ಕಾರಣವನ್ನು ಅರಸುತ್ತಿದ್ದಾಗ, ಅವನ ಪ್ರಯೋಗಶಾಲೆಯ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಕೆಲಕಾಲದ ಮೇಲೆ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದಿಷ್ಟು: ಸೈನಿಕ ಆಸ್ಪತ್ರೆಯ ಬಿಳಿಯ ಅನ್ನವನ್ನು ಅವುಗಳಿಗೆ ಹಾಕುತ್ತಿದ್ದರು; ಹೊಸದಾಗಿ ಬಂದ ಅಡುಗೆಯವನು, ಸೈನ್ಯದ ಅನ್ನವನ್ನು ಕೋಳಿಗಳಿಗೆ ಕೊಡಲಾಗದೆಂದು ಹಟ ಹಿಡಿದುದರಿಂದ, ತಳಿಸದ ಅಕ್ಕಿ ಅವುಗಳ ಪಾಲಿಗೆ ಬಂದಿತ್ತು. ಐಕ್ಮನ್ನನು ಮೊದಲು, ಬಿಳಿಯ ಅಕ್ಕಿಯಲ್ಲಿ ಏನೋ ವಿಷವಿದೆಯೆಂದೂ ತೌಡಿನಲ್ಲಿ ಅದರ ಪ್ರತಿವಿಷವಿದೆಯೆಂದೂ ಬಗೆದನು. ರೋಗಕ್ಕೆ ಕಾರಣವು ಇರುವ ವಿಷವಲ್ಲ, ಇಲ್ಲದ ಪೋಷಕಾಂಶವೆಂಬುದನ್ನು ಅವನ ಉತ್ತರಾಧಿಕಾರಿ ಗ್ರೇನ್ಸನು 1901ರಲ್ಲಿ ಪ್ರತಿಪಾದಿಸಿದನು. ಐಕ್ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇಲ್ಲಿ ದಾರ್ಶನಿಕನು ಗಮನಿಸತಕ್ಕ ಅಂಶವೊಂದಿದೆ. ಕೇಡನ್ನು ಕಂಡಾಗಲೆಲ್ಲ, ತೆಗೆದುಹಾಕಬೇಕಾದ ಮಲವೊಂದು ಎಲ್ಲೋ ಇದೆಯೆಂದು ಭಾವಿಸುವುದು ಮನುಷ್ಯನ ಸ್ವಭಾವ; ತೆಗೆದುಹಾಕಿದ್ದರಿಂದಲೇ ಕೇಡು ಉಂಟಾಗಿರಬಹುದೆಂದು ಅವನಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಭತ್ತದ ತೂಕದಲ್ಲಿ ಸುಮಾರು ಶೇಕಡಾ 20 ಭಾಗ ಉಮಿ. ಅದನ್ನು ಮನುಷ್ಯನು ಜೀರ್ಣಿಸಿಕೊಳ್ಳಲಾರ. ಅದರ ಒಳಗೆ ಶೇಕಡಾ ಎಂಟು ಹತ್ತು ಭಾಗದಷ್ಟು ತೌಡು, ತುದಿಯಲ್ಲಿ ಮೊಳಕೆಯ ಕಣ್ಣು. ಉಮಿಯನ್ನು ಮಾತ್ರ ಕಳೆದು ತೌಡನ್ನೂ ಕಣ್ಣನ್ನೂ ಉಳಿಸಿಕೊಂಡ ಅಕ್ಕಿಗೆ ಈಗಿನವರು ಬ್ರೌನ್ ರೈಸ್ ಎನ್ನುತ್ತಾರೆ. ಕೆಲವು ತಲೆಮಾರುಗಳ ಹಿಂದೆ ಅದು ಒರಳಲ್ಲಿ ಒಂದು ಸಲ ಕುಟ್ಟಿ ಮೊರದಲ್ಲಿ ಕೇರಿದ ಅಕ್ಕಿ, ಅಷ್ಟೆ. ನಾರಿನಂಶ, ಥಯಾಮಿನ್ ಮೊದಲಾದ ಬಿ ಜೀವಸತ್ವಗಳು, ಮೆಗ್ನೀಸಿಯಂ, ಎಣ್ಣೆ ಇವೆಲ್ಲ ನೆಲೆಸಿರುವುದು ಬಹುಮಟ್ಟಿಗೆ ಆ ಕಂದು ಪದರದಲ್ಲಿಯೇ. ಗಾಂಧೀಜಿಯವರು 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ ಕೈಕುಟ್ಟು ಅಕ್ಕಿಯನ್ನು ಅದರ ಕಾರ್ಯಕ್ರಮದಲ್ಲಿ ಸೇರಿಸಿದ್ದಕ್ಕೆ ಇದೂ ಒಂದು ಕಾರಣ. ಹಾಗಾದರೆ ನಮ್ಮ ಮುಂದಿರುವ ಪ್ರಶ್ನೆ ಇದು: ಉಮಿ ಹೋಗಲೇಬೇಕು, ತೌಡು ಉಳಿಯಬೇಕು ಎಂಬುದು ಧಾನ್ಯದ ಧರ್ಮವಾದರೆ, ಶುದ್ಧಿಯೆಂಬುದು ಕಳೆಯುವುದರಲ್ಲಿದೆಯೋ, ಕಳೆಯುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಅರಿಯುವುದರಲ್ಲಿದೆಯೋ?

ಬೀದರದಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳುವುದಕ್ಕೆ ಒಂದು ಔಚಿತ್ಯವಿದೆ. ಇದು ಅಕ್ಕಿಯ ಸೀಮೆಯಲ್ಲ. ಮಾಂಜ್ರಾ ನದಿಯ ಇಕ್ಕೆಲಗಳ ಭಾಲ್ಕಿ ಔರಾದ ತಾಲ್ಲೂಕುಗಳ ಕರಿಯ ನೆಲದಲ್ಲಿ ಜೋಳ, ತೊಗರಿ, ಉದ್ದು, ಹೆಸರು, ಕಡಲೆಗಳದೇ ಪ್ರಾಬಲ್ಯ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಅಂಬಲಿಗಳನ್ನು ಉಣ್ಣುವ ಜನರಿಗೆ, ಬಿಳಿಯ ಅನ್ನವು ಬಹುಕಾಲದವರೆಗೆ ಹಬ್ಬದ, ಮದುವೆಯ, ಬೀಗರು ಬಂದ ದಿನದ ಗೌರವದ ಊಟವಾಗಿತ್ತು. ಅಕ್ಕಿ ಎಷ್ಟು ಬೆಳ್ಳಗಿದ್ದರೆ ಮನೆತನ ಅಷ್ಟು ದೊಡ್ಡದು ಎಂಬ ಭಾವನೆ ಆಗ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಅದೇ ಮನೆಯ ದಿನನಿತ್ಯದ ಜೋಳವನ್ನು ಯಾರೂ ತಳಿಸಲಿಲ್ಲ. ಕಾಳನ್ನು ಇಡಿಯಾಗಿ ಬೀಸಿ ರೊಟ್ಟಿ ಬಡಿದರು. ಅತಿಥಿಗಾಗಿ ಶುಭ್ರತೆ, ತಮಗಾಗಿ ಪೂರ್ಣತೆ ಎಂಬ ಈ ಏರ್ಪಾಡಿನಲ್ಲಿ ಲಾಭವಾದದ್ದು ಆತಿಥೇಯರಿಗೇ.

ಇನ್ನು ಪಾಕದ ವಿಚಾರ. ತೌಡನ್ನು ಉಳಿಸಿಕೊಳ್ಳುವ ನಿರ್ಧಾರವು ಸುಲಭ. ಅದರ ಪರಿಣಾಮವನ್ನು ಒಲೆಯ ಮುಂದೆ ಅನುಭವಿಸುವುದು ಸುಲಭವಲ್ಲ. ಆ ಪದರವು ನೀರನ್ನು ಒಳಗೆ ಬಿಡಲು ಹಿಂಜರಿಯುತ್ತದೆ. ಆದಕಾರಣ ಬಿಳಿ ಅಕ್ಕಿಯ ಲೆಕ್ಕದಲ್ಲಿ ಎಸರಿಟ್ಟವರು ಹೊರಗೆ ಮೆತ್ತಗೆ, ಒಳಗೆ ಗಟ್ಟಿಯಾದ ಅನ್ನವನ್ನುಂಡು, ಕಂದು ಅಕ್ಕಿ ದನಗಳಿಗೇ ಸರಿಯೆಂದು ತೀರ್ಪು ಕೊಡುತ್ತಾರೆ. ಮೊದಲು ಅಕ್ಕಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಆ ನೀರನ್ನು ಚೆಲ್ಲಬೇಕು. ಸುಮಾರು ಎಂಟು ಗಂಟೆ ನೆಂದರೆ ಕಾಳು ಅರ್ಧ ಗೆದ್ದಂತೆ. ಆದರೆ ಬೀದರದ ವೈಶಾಖದ ಸೆಕೆಯಲ್ಲಿ ಅದಕ್ಕಿಂತ ಹೆಚ್ಚು ಬಿಟ್ಟರೆ ಹುಳಿ ವಾಸನೆ ಹಿಡಿಯುವುದುಂಟು. ಅನಂತರ ದಪ್ಪ ತಳದ ಬೋಗುಣಿಯಲ್ಲಿ ಒಂದು ಬಟ್ಟಲು ಅಕ್ಕಿಗೆ ಎರಡರಿಂದ ಎರಡೂವರೆ ಬಟ್ಟಲು ನೀರು, ಚಿಟಿಕೆ ಉಪ್ಪು, ಬೇಕಾದರೆ ಅರ್ಧ ಚಮಚ ಕುಸುಬಿ ಎಣ್ಣೆ ಹಾಕಿ, ಒಂದು ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ, ಮುಚ್ಚಳವಿಟ್ಟು, 40 ನಿಮಿಷಗಳಷ್ಟು ಕಾಲ ಸೌಟಾಡಿಸದೆ ಬಿಡಬೇಕು. ಬೀದರವು ಸಮುದ್ರಮಟ್ಟದಿಂದ 2,000 ಅಡಿಗೂ ಮಿಗಿಲಾದ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕರಾವಳಿಗಿಂತ ಎರಡು ಡಿಗ್ರಿಯಷ್ಟು ಕಡಿಮೆ ಶಾಖದಲ್ಲಿಯೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸುವವರು ಕೆಲವು ನಿಮಿಷಗಳನ್ನು ಅದಕ್ಕೂ ಸಲ್ಲಿಸತಕ್ಕದ್ದು. ಕುಕ್ಕರಿನಲ್ಲಾದರೆ ನೆನೆದ ಅಕ್ಕಿಗೆ ಎರಡರಷ್ಟು ನೀರು ಸಾಕು. ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಇಟ್ಟು, ಒತ್ತಡವು ತಾನಾಗಿಯೇ ಇಳಿಯುವವರೆಗೆ ಮುಚ್ಚಳವನ್ನು ಮುಟ್ಟಬಾರದು.

ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕೆಂಬುದು ಲೋಕರೂಢಿಯ ಮಾತು. ಕಂದು ಅಕ್ಕಿಯ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ; ಪಾತ್ರೆಯ ತಳದ ಅಗುಳು ಬೆಂದಿರುವಾಗ ಮೇಲಿನದು ಬೆಂದಿರದು. ಭಾಲ್ಕಿಯ ಕಡೆಯ ಹಿರಿಯಳೊಬ್ಬಳು ಮೇಲಿನಿಂದೊಂದು, ನಡುವಿನಿಂದೊಂದು ಅಗುಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ, ಸೊಸೆಗೆ ತೋರಿಸಿ, “ನಡಬರಕ ಇನ್ನಾ ಬಿಳಿ ಚುಕ್ಕಿ ಅದ ನೋಡವ್ವ, ಗಡಬಡ ಮಾಡಬ್ಯಾಡ” ಎಂದರೆ, ಪಾಕಶಾಸ್ತ್ರದ ಸಾರವೆಲ್ಲ ಅದರಲ್ಲಿ ಬಂದಂತೆ. ನೀರಿಂಗಿದ್ದು ಚುಕ್ಕಿ ಉಳಿದಿದ್ದರೆ ಕಾದ ನೀರನ್ನೇ ಚಿಮುಕಿಸಬೇಕು; ತಣ್ಣೀರು ಬೇಯುವಿಕೆಯನ್ನು ತಡೆಯುತ್ತದೆ. ಚುಕ್ಕಿ ಮಾಯವಾಗಿ, ಮೇಲಿನ ಸಿಪ್ಪೆ ಅಲ್ಲಲ್ಲಿ ಬಿರಿದಾಗ ಇಳಿಸಿ, ಮತ್ತೂ ಹತ್ತು ನಿಮಿಷ ಮುಚ್ಚಿಡಬೇಕು. ಬೇಯುವ ತನಕ ಇದ್ದವನಿಗೆ ಆರುವ ತನಕ ಇರಲಾಗದೇ ಎಂಬ ಗಾದೆ ಈ ಹತ್ತು ನಿಮಿಷಗಳಿಗಾಗಿಯೇ ಹುಟ್ಟಿದಂತಿದೆ. ಹೀಗೆ ಹದವಾದ ಅನ್ನವು ಹಲ್ಲಿಗೆ ತುಸು ಕೆಲಸ ಕೊಡುತ್ತದೆ. ತೊಗರಿಬೇಳೆಯ ಸಾರಿಗೂ ಪುಂಡಿಪಲ್ಲೆಗೂ ಚೆನ್ನಾಗಿ ಒದಗುತ್ತದೆ.

ಈಗ ಮತ್ತೆ ತತ್ತ್ವಕ್ಕೆ ಬರೋಣ. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಅನ್ನದ ಶುದ್ಧಿಯನ್ನು ಕುರಿತು ತಾಳಿದ ನಿಲುವು ಸಿದ್ಧಾಂತಿಗಳ ಒರಳಿನ ದೃಷ್ಟಾಂತಕ್ಕಿಂತ ಭಿನ್ನವಾದದ್ದು. ಅವರ ದೃಷ್ಟಿಯಲ್ಲಿ ಪದಾರ್ಥವು ಪ್ರಸಾದವಾಗುವುದು ಅದರಿಂದ ಏನನ್ನೋ ಕಳೆಯುವುದರಿಂದಲ್ಲ, ಅದನ್ನು ಇಡಿಯಾಗಿ ಅರ್ಪಿಸುವುದರಿಂದ. ಪ್ರಸಾದವಾದ ಮೇಲೆ ಅದರಲ್ಲಿ ಬಿಸಾಡತಕ್ಕದ್ದೇನೂ ಉಳಿಯುವುದಿಲ್ಲ. ದೇಹವನ್ನೂ ಅವರು ಉಮಿಯೆಂದು ತೂರಲಿಲ್ಲ. ಅದರ ಮೇಲೆಯೇ ಇಷ್ಟಲಿಂಗವನ್ನು ಧರಿಸಿದರು. ಚೋಳರಾಜನ ನೈವೇದ್ಯವನ್ನು ಬಿಟ್ಟು ಶಿವನು ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬ ಕಥೆಯನ್ನು ಅವರು ಮತ್ತೆ ಮತ್ತೆ ನೆನೆದದ್ದು ಇದಕ್ಕಾಗಿಯೇ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯಂತೂ ಅಕ್ಕಿಯದೇ ಕಥೆ. ಶರಣರು ಕೂಡುತ್ತಿದ್ದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಗಂಡನನ್ನು ಹಿಂದಕ್ಕೆ ಕಳುಹಿದಳು. ಅಕ್ಕಿ ಅಶುದ್ಧವೆಂದು ಆಕೆ ಹೇಳಲಿಲ್ಲ, ಅಳತೆ ಮೀರಿತೆಂದಳು. ಕೊಳ್ಳುವುದಕ್ಕೆ ಎಲ್ಲೆಯಿರುವಂತೆ ಕಳೆಯುವುದಕ್ಕೂ ಎಲ್ಲೆಯುಂಟು. ಅತಿಯಾಗಿ ಕೂಡಿಡುವವನೂ ಅತಿಯಾಗಿ ತಳಿಸುವವನೂ ಸಾಕೆಂಬುದನ್ನು ಅರಿಯದವರೇ.

ಹಾಗೆಂದು ಉಮಿಯನ್ನು ಹಳಿಯಬೇಕಾಗಿಯೂ ಇಲ್ಲ. ಅದು ಒಳಗಿನದನ್ನು ಕಾಯುವುದಕ್ಕಾಗಿ ಬಂದದ್ದು. ಕಾಲ ಬಂದಾಗ ಹೋಗುವುದೂ ಅದರ ಧರ್ಮ. ನಿಜಾಮರ ಆಳಿಕೆಯಲ್ಲಿ ಕನ್ನಡದ ಕಲಿಕೆಗೆ ಅಡ್ಡಿಯಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿ ಈ ಸೀಮೆಯಲ್ಲಿ ತಿಳಿಯದವರಿಲ್ಲ. ಆ ಫಲಕವು ಉಮಿ. 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಅದರ ಅಗತ್ಯ ತೀರಿತು. ಆದರೆ ಆ ವಿಲೀನದ ಆವೇಶದಲ್ಲಿ, ಇಲ್ಲಿಯ ಮಾತಿನಲ್ಲಿ ಶತಮಾನಗಳಿಂದ ಬೆರೆತುಹೋದ ಉರ್ದು ಮರಾಠಿ ಶಬ್ದಗಳನ್ನೆಲ್ಲ ಕನ್ನಡದ ಮೈಯಿಂದ ಉಜ್ಜಿ ತೆಗೆಯಲು ಯಾರೂ ಹೊರಡಬೇಕಾಗಿಲ್ಲ; ಅವು ತೌಡು.

ತೌಡನ್ನು ಉಳಿಸಿಕೊಳ್ಳಬೇಕೆಂಬ ಮಾತಿಗೆ ಆಕ್ಷೇಪಗಳಿಲ್ಲದೆ ಇಲ್ಲ. ತೌಡಿನ ಎಣ್ಣೆಯಿಂದಾಗಿ ಕಂದು ಅಕ್ಕಿ ಬೇಗ ಕಮಟು ಹಿಡಿಯುತ್ತದೆ; ಸ್ವಲ್ಪ ಸ್ವಲ್ಪವೇ ಕೊಂಡು, ತಂಪಾದೆಡೆಯಲ್ಲಿ ಮುಚ್ಚಿಟ್ಟು, ಕೆಲವು ತಿಂಗಳೊಳಗೆ ಮುಗಿಸಬೇಕು. ಬೇಯಲು ಉರುವಲು ಹೆಚ್ಚು ಬೇಕು. ಸೌದೆ ಹೊತ್ತು ತರುವ ಹೆಣ್ಣುಮಗಳಿಗೆ ಬಿಳಿ ಅಕ್ಕಿ ಹಿತವೆನಿಸಿದ್ದರೆ ಅದನ್ನು ಅವಿವೇಕವೆನ್ನುವ ಹಕ್ಕು ನಮಗಿಲ್ಲ. ಆಗತಾನೇ ಅನ್ನ ತಿನ್ನತೊಡಗಿದ ಕೂಸಿಗೂ ಜ್ವರದಿಂದೆದ್ದವನಿಗೂ ಮೆತ್ತನೆಯ ಬಿಳಿ ಗಂಜಿಯೇ ಪಥ್ಯ. ಎಲ್ಲೆಯೆಂಬುದು ಉಣ್ಣುವವನನ್ನೂ ಕಾಲವನ್ನೂ ನೋಡಿ ನಿರ್ಣಯವಾಗತಕ್ಕದ್ದೆಂಬುದನ್ನು ಇವು ದೃಢಪಡಿಸುತ್ತವೆ. ವೇದಾಂತಿಯು, ಉಪಮೆಯನ್ನು ಅಡುಗೆಮನೆಗೆ ಎಳೆಯಬಾರದು, ಮುಕ್ತನ ಬೀಜವು ಮೊಳೆಯದಿರುವುದೇ ಶ್ರೇಯಸ್ಸು ಎಂದಾನು. ಇರಬಹುದು. ಆದರೆ ಭೃಗುವಿಗೆ ಅನ್ನದಿಂದ ಆನಂದದವರೆಗೆ ಬ್ರಹ್ಮವನ್ನು ಕಾಣಿಸಿದ ತೈತ್ತಿರೀಯೋಪನಿಷತ್ತು, ಆನಂದವನ್ನು ಮುಟ್ಟಿದ ಮೇಲೂ ಅನ್ನವನ್ನು ಹಳಿಯಬಾರದೆಂಬ ವ್ರತವನ್ನು ವಿಧಿಸುತ್ತದೆ. ಮೇಲೇರಿದವನು ಏಣಿಯನ್ನು ಮುರಿಯಬಾರದೆಂಬುದೇ ಅದರ ಇಂಗಿತ.

ಶುಭ್ರತೆಯ ಹಂಬಲವು ಧಾನ್ಯದಲ್ಲಿಯೇ ನಿಲ್ಲುವುದಾಗಿದ್ದರೆ ಅದು ಕೇವಲ ಆರೋಗ್ಯದ ವಿಷಯವಾಗುತ್ತಿತ್ತು. ತಟ್ಟೆಯನ್ನು ಬೆಳ್ಳಗೆ ಮಾಡಿದ ಕೈಯೇ ಪಂಕ್ತಿಯನ್ನೂ ತಳಿಸಲು ಹೊರಡುತ್ತದೆ; ಇವನು ಇಲ್ಲಿ ಕೂಡಬಾರದು, ಅವಳು ಮುಟ್ಟಬಾರದು ಎಂದು ಒಬ್ಬೊಬ್ಬರನ್ನೇ ಕೇರಿ ಹೊರಗೆ ಚೆಲ್ಲುತ್ತದೆ. ಕಲ್ಯಾಣದ ದಾಸೋಹವೂ, ಬೀದರದ ನಾನಕ್ ಝೀರಾ ಗುರುದ್ವಾರದಲ್ಲಿ ಇಂದಿಗೂ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಉಣಬಡಿಸುವ ಲಂಗರವೂ ಆ ಕೈಯನ್ನು ತಡೆಯಲು ಹುಟ್ಟಿದ ಸಂಸ್ಥೆಗಳು. ಆದುದರಿಂದ ಕಂದು ಅಕ್ಕಿಯನ್ನು ಹದವಾಗಿ ಬೇಯಿಸಲು ಕಲಿತವರು, ಅದನ್ನೇ ಹೊಸದೊಂದು ಮಡಿಯನ್ನಾಗಿ ಮಾಡಿಕೊಂಡು, ಬಿಳಿಯ ಅನ್ನ ಉಣ್ಣುವ ನೆರೆಯವರನ್ನು ಕೀಳಾಗಿ ಕಾಣದಿರುವುದು ಅತ್ಯವಶ್ಯ. ಹಾಗೆ ಕಂಡರೆ ತೌಡನ್ನು ಪಾತ್ರೆಯಲ್ಲಿ ಉಳಿಸಿಕೊಂಡು ಮನಸ್ಸಿನಿಂದ ತೆಗೆದುಹಾಕಿದಂತಾಗುವುದು.