ಅಂಜಿಕೆ ಯಾರದು?

ಚಿಕ್ಕೋಡಿಯ ನಿವೃತ್ತ ಕನ್ನಡ ಮಾಸ್ತರರು ಮತ್ತು ನಿಪ್ಪಾಣಿಯ ತಂಬಾಕು ಕಾರ್ಮಿಕರ ಮನೆಯಿಂದ ಬಂದ ಅವರ ಹಳೆಯ ವಿದ್ಯಾರ್ಥಿನಿ. ಇಬ್ಬರೂ ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ (1982) ಕಾದಂಬರಿಯನ್ನು ಓದಿ ಮುಗಿಸಿದ್ದಾರೆ.

ಮಾಸ್ತರ: ಓದೂವಾಗ ಮೈ ಝುಂ ಅಂತು, ತಂಗಿ. ಪಾಳು ಬೀಳೂ ಅರಮನಿ, ಮುಗದು ಹೊಂಟ ದೇಸಗತಿ, ಒಳಗ ಸಿಕ್ಕೊಂಡ ಹೆಣ್ಣು. ಇಂಥಾ ಕಥಿಗೆ ಇಂಗ್ಲಿಷರು ಗಾಥಿಕ್ ಅಂತಾರ. 1764ರಾಗ ಹೊರಾಸ್ ವಾಲ್‌ಪೋಲ್ ಬರದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ ಅದು ಸುರು.

ವಿದ್ಯಾರ್ಥಿನಿ: ನನಗ ಅಂಜಿಕಿ ಬರಲಿಲ್ರಿ ಸರ್, ಸಿಟ್ಟು ಬಂತು. ನಮ್ಮಜ್ಜಿ ಒಂದು ವಾಡೇದಾಗ ಕಸಾ ಹೊಡೀತಿದ್ಲು. ಯಾವ ಹಾಸಗಲ್ಲು ಅಳಗ್ಯಾಡತೈತಿ, ಯಾವ ಬಾಗಲಾ ಕಿರಗುಡತೈತಿ, ಕತ್ತಲದಾಗೂ ಅಕಿಗೆ ಗೊತ್ತು. ಅಕಿ ಅಂಜತಿದ್ದದ್ದು ಮ್ಯಾಲಿಂದ ಬರೂ ಕರಿಗೆ. ‘ಏ, ಬಾರ ಇಲ್ಲೆ’ ಅಂದ್ರ ಕೈಯಾನ ಕಸಬರಿಗಿ ಅಲ್ಲೇ ನಿಲ್ಲತಿತ್ತಂತ.

ಮಾಸ್ತರ: ಅಂದ್ರ ನನ್ನ ಅಂಜಿಕಿ ಸುಳ್ಳೇನು?

ವಿದ್ಯಾರ್ಥಿನಿ: ಸುಳ್ಳಲ್ರಿ. ನೀವು ಹೊರಗಿಂದ ಒಳಗ ಹೊಕ್ರಿ, ಕಾಣದ್ದು ನಿಮ್ಮನ್ನ ಅಂಜಿಸ್ತು. ನಮ್ಮಜ್ಜಿಗೆ ಕಂಡದ್ದ ಅಂಜಿಕಿ.

ಮಾಸ್ತರ: ಹಂಗಾದ್ರ ಓದಿದವರು ಹೇಳಿದ್ದೆಲ್ಲಾ ಖರೆ ಅಂತ ಬಿಟ್ಟುಬಿಡೂಣೇನು? ಅಥಣಿಯವನೊಬ್ಬ ಬರೇ ದೇಸಗತಿ ವೈಭವ ಕಂಡಾನು, ರಾಯಬಾಗದಾಕಿ ಬರೇ ಪ್ರೇಮ ಕಂಡಾಳು.

ವಿದ್ಯಾರ್ಥಿನಿ: ಇಲ್ರಿ, ಪುಸ್ತಕಾನೂ ಒಂದು ಕಟ್ಟು ಹಾಕೇತಿ. ಕಥಿ ಹೇಳಾಕಿ ಯಾರು? ಅರಮನಿ ಒಡೆಯ ದೇಸಾಯಿ ಅಲ್ಲ, ಒಳಗ ಸಿಕ್ಕೊಂಡ ಸಿಂಗಾರೆವ್ವನೂ ಅಲ್ಲ. ಅಕಿ ಜೋಡಿ ಇದ್ದ ಆಳುಮಗಳು ಶೀನಿಂಗವ್ವ. ಅಕಿನ್ನ ಮರತವರು ಪುಸ್ತಕಾ ಅರ್ಧಾನ ಓದ್ಯಾರ.

ಮಾಸ್ತರ: ಖರೆ ಹೇಳಿದಿ. ವಾಲ್‌ಪೋಲ್‌ನ ಕಾದಂಬರಿಯೊಳಗ ಆಳುಮಕ್ಕಳ ಅಂಜಿಕಿ ಅಂದ್ರ ನಗಿಪಾಟಲು. ಒಡೇರ ಅಂಜಿಕಿಗಷ್ಟ ಘನತಿ. ಇಲ್ಲೇ ಹುಕ್ಕೇರಿ ತಾಲೂಕಿನ ಘೋಡಗೇರಿಯಾಗ ಹುಟ್ಟಿದ ಕಂಬಾರರು ಅದನ್ನ ತಿರುವಿ ಹಾಕಿದ್ರು. ಅರಮನಿ ಕಥೀನ ಆಳಿನ ಬಾಯಾಗ ಇಟ್ರು.

ವಿದ್ಯಾರ್ಥಿನಿ: ಅದಕ್ಕ ನನ್ನ ಸಿಟ್ಟಿಗೂ ಅಲ್ಲಿ ಜಾಗಾ ಸಿಕ್ತು. ಈ ಪುಸ್ತಕಾ ಬಂದ 1982ರಾಗನ ಯುಗಾಂತರ ಅನ್ನೂ ತಂಡದವರು ನಿಪ್ಪಾಣಿಯ ತಂಬಾಕು ಕೆಲಸದ ಹೆಣ್ಣುಮಕ್ಕಳ ಮ್ಯಾಲೆ ಸಾಕ್ಷ್ಯಚಿತ್ರಾ ಮಾಡಿದ್ರು. ತಂಬಾಕಿನ ಧೂಳಾ ಕುಡದ ಹೆಣ್ಣುಮಕ್ಕಳು ಸಂಘಾ ಕಟ್ಟಿ, ತಮ್ಮ ಮಾತು ತಾವ ಆಡಿದ್ರು. ಶೀನಿಂಗವ್ವನ ಮಾತು ಓದೂವಾಗ ನನಗ ಅವರ ದನಿ ಕೇಳಿಸ್ತು.

ಮಾಸ್ತರ: ಆದ್ರ ಒಂದು ನೋಡವ್ವಾ. ಸಿಟ್ಟಿನ್ಯಾಗ ಓದಿದ್ರ ಸಿಂಗಾರೆವ್ವನೂ ‘ಮ್ಯಾಲಿನಾಕಿ’ ಅಷ್ಟ ಆಗತಾಳ. ಅಕಿ ದುಃಖಾ ಲೆಕ್ಕಕ್ಕ ಬರಂಗಿಲ್ಲ. ಶೀನಿಂಗವ್ವ ಹಂಗ ಮಾಡಲಿಲ್ಲ. ಒಡತಿ ದುಃಖಾ ತನ್ನ ಎದಿಯಾಗ ಇಟಗೊಂಡು ಹೇಳಿದ್ಲು.

ವಿದ್ಯಾರ್ಥಿನಿ: ಹಂಗಾದ್ರ ನಮ್ಮ ಓದಿಗೂ ಅಕೀನ ಮಾದರಿ. ನಿಮ್ಮ ಅಂಜಿಕಿ, ನನ್ನ ಸಿಟ್ಟು ಒಂದಾಗೂದು ಬ್ಯಾಡ. ಆದ್ರ ನಾ ನನ್ನ ಸಿಟ್ಟು ಬಿಡದನ ನಿಮ್ಮ ಅಂಜಿಕಿ ಕೇಳಬೇಕು, ನೀವು ನಿಮ್ಮ ಅಂಜಿಕಿ ಬಿಡದನ ನಮ್ಮಜ್ಜೀದು ಕೇಳಬೇಕು.

ಮಾಸ್ತರ: ಹೌದು. ಇನ್ನೊಬ್ಬರ ಅಂಜಿಕಿ ನಕ್ಕು ತಳ್ಳಿದ್ವಿ ಅಂದ್ರ, ಅರಮನಿ ಬಿದ್ದರೂ ನಾವು ಅದರ ಒಡೇರಾಗೇ ಉಳೀತೀವಿ.