ಹೆಬ್ಬೆರಳಿನ ಮಸಿ

ಲೂಕ 2:46 ತೆಗೀರಿ. ಹನ್ನೆರಡು ವರ್ಷದ ಯೇಸುಸ್ವಾಮಿ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಏನು ಮಾಡ್ತಿದ್ರು? ಕೇಳಿಸ್ಕೊಳ್ತಿದ್ರು, ಪ್ರಶ್ನೆ ಕೇಳ್ತಿದ್ರು. ದೇವಕುಮಾರನೇ ಪ್ರಶ್ನೆ ಕೇಳಿದ ಮೇಲೆ, "ನನಗೆ ಗೊತ್ತಿಲ್ಲ" ಅನ್ನೋಕೆ ನಮಗ್ಯಾಕೆ ನಾಚಿಕೆ?

ನಾನು ಬೆಳೆದದ್ದು ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ. ಅಪ್ಪ ಶಾಲೆ ಕಂಡವರಲ್ಲ. ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತೋರು. ಏಳನೇ ತರಗತಿಯಲ್ಲಿ ಗಣಿತಕ್ಕೆ 100ಕ್ಕೆ 19 ಬಂತು. ಹೆದರಿ, ಅಪ್ಪನ ಜಾಗದಲ್ಲಿ ನನ್ನ ಹೆಬ್ಬೆಟ್ಟು ಒತ್ತಿಬಿಟ್ಟೆ. ರಾತ್ರಿ ರೊಟ್ಟಿ ಮುರಿಯುವಾಗ ಬೆರಳಿನ ಮಸಿ ಅಪ್ಪನ ಕಣ್ಣಿಗೆ ಬಿತ್ತು. ಹೊಡೀತಾರೆ ಅಂದ್ಕೊಂಡೆ. "ಫೇಲಾದ್ರ ಮತ್ತ ಬರದ್ರಾತು. ನಾ ಒತ್ತೂ ಹೆಬ್ಬಟ್ಟು ನೀ ಯಾಕ ಒತ್ತಿದಿ?" ಅಂದರು, ಅಷ್ಟೇ. ಮರುದಿನ ನನ್ನನ್ನ ಕರಕೊಂಡು ಮಾಸ್ತರ ಮನೆಗೆ ಹೋದರು. "ಇವಂಗ ತಿಳೀವಲ್ದು, ಇನ್ನೊಮ್ಮೆ ಹೇಳ್ರಿ ಸರ."

ಯೌವನಸ್ಥರೇ, 625ಕ್ಕೆ ಎಷ್ಟೇ ಬಂದಿರಲಿ, ಮತ್ತೆ ಬರೆಯಬಹುದು. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಕಾಲೇಜಿನವರಿಗೂ ಬ್ಯಾಕ್‌ಲಾಗ್ ಕಟ್ಟೋ ಅವಕಾಶ ಇದೆ. ಆದರೆ ಅಂಕ ಬಚ್ಚಿಟ್ಟು ಹಾಸ್ಟೆಲ್ ರೂಮಿನಲ್ಲಿ ಒಬ್ಬರೇ ಕೊರಗಬೇಡಿ. ಇವತ್ತೇ ಮನೆಗೆ ಫೋನ್ ಮಾಡಿ. ಪ್ರಾರ್ಥನೆ ಅಂದ್ರೆ "ಓದದೆ ಪಾಸು ಮಾಡಪ್ಪಾ" ಅನ್ನೋದಲ್ಲ. ಇದ್ದದ್ದನ್ನ ಇದ್ದ ಹಾಗೇ ತಂದೆಯ ಮುಂದಿಡೋದು. ಆಮೇಲೆ ಎದ್ದು, ಗೊತ್ತಿದ್ದವರನ್ನ ಕೇಳಿ ಕಲಿಯೋದು.

ಕಣ್ಣು ಮುಚ್ಚೋಣ. ತಂದೆಯೇ, ನಾವು ಬಚ್ಚಿಟ್ಟ ಪತ್ರ ಇಗೋ ನಿನ್ನ ಮುಂದಿದೆ. ಕಲಿಯುವ ದೀನ ಮನಸ್ಸು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.