ಎಲ್ಲಿ ಮುರಿಯಬೇಕು?

ಹಳೆಯ ಜೀಪನ್ನು ಕಾಡುದಾರಿಗೆ ಸಜ್ಜು ಮಾಡಹೊರಟವರು ಮೊದಲು ವಿಚಾರಿಸುವುದು ಎಂಜಿನ್ನನ್ನು. ಯಾವುದು ಕೂರಿಸೋಣ, ಎಷ್ಟು ಎಚ್‌ಪಿ, ಟರ್ಬೊ ಇದೆಯೋ ಇಲ್ಲವೋ. ಹೈದರಾಬಾದಿನವರಾದರೆ ಬಾಲಾನಗರದ ಲೇತ್ ಶೆಡ್ಡಿಗೆ ಬರುವುದು ಆಮೇಲೆ, ಎರಡು ತುಂಡಾದ ಆಕ್ಸಲ್ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು.

1968ರಲ್ಲಿ ಕೇಂದ್ರ ಸರ್ಕಾರ ಟೂಲ್ ಡಿಸೈನ್ ಸಂಸ್ಥೆಯನ್ನು ತೆರೆದದ್ದು ಬಾಲಾನಗರದಲ್ಲೇ. ಎಚ್‌ಎಎಲ್ ಘಟಕವೂ ಇಲ್ಲೇ ಇದೆ. ಇಲ್ಲಿನ ಶೆಡ್ಡುಗಳಲ್ಲಿ ಶಾಫ್ಟ್ ಮಾಡಿಸುವಾಗ ಬೆಲೆಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಉಕ್ಕು: ಸಾದಾ ಇಎನ್ 8 ಸಾಕೋ, ನಿಕ್ಕಲ್-ಕ್ರೋಮ್ ಬೆರೆತ ಇಎನ್ 24 ಬೇಕೋ. ಉಕ್ಕು ಒಳ್ಳೆಯದಾಗಿದ್ದು ಹೀಟ್ ಟ್ರೀಟ್‌ಮೆಂಟ್ ಕೆಟ್ಟರೆ ದುಡ್ಡು ದಂಡ.

ಲೆಕ್ಕ ಹೀಗಿದೆ. ಮಹೀಂದ್ರಾ ಬಹುಕಾಲ ತಯಾರಿಸಿದ ಸಿಜೆ-3ಬಿ ಜೀಪಿನ 2.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಸುಮಾರು 155 ನ್ಯೂಟನ್ ಮೀಟರ್. ಮೊದಲ ಗೇರು ಅದನ್ನು 2.8 ಪಟ್ಟು ಮಾಡುತ್ತದೆ, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46 ಪಟ್ಟು, ಕ್ರೌನ್-ಪಿನಿಯನ್ 5.38 ಪಟ್ಟು. ಗುಣಿಸಿದರೆ 37. ಘರ್ಷಣೆಯ ನಷ್ಟ ಬಿಟ್ಟು ಹೇಳುವುದಾದರೆ, ಆಕ್ಸಲ್ಲಿಗೆ 5,700 ನ್ಯೂಟನ್ ಮೀಟರಿನಷ್ಟು ತಲುಪುತ್ತದೆ. ಕೊಡಚಾದ್ರಿಯಂಥ ಏರಿಗೆ ಇಷ್ಟು ಧಾರಾಳ ಸಾಕು. ಅದೇ ಜಾಗದಲ್ಲಿ 2020ರ ಥಾರ್‌ನ 300 ನ್ಯೂಟನ್ ಮೀಟರಿನ ಡೀಸೆಲ್ ಕೂರಿಸಿದರೆ ಲೆಕ್ಕ 11,000 ದಾಟುತ್ತದೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಅಷ್ಟೂ ಬಲ ಶಾಫ್ಟಿನ ಮೇಲೆ ಬೀಳುವುದಿಲ್ಲ. ಜಾರುತ್ತಿದ್ದ ಚಕ್ರ ಬಂಡೆಗೆ ಸಿಕ್ಕು ತಟ್ಟನೆ ನಿಂತಾಗ ಬೀಳುತ್ತದೆ.

ಹಾಗಾದರೆ ದಪ್ಪ ಶಾಫ್ಟ್ ಹಾಕಿಸಿದರಾಯಿತಲ್ಲ? ತಿರುಚು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಶೇ 10 ದಪ್ಪವಾದರೆ ಬಲ ಮೂರನೇ ಒಂದು ಪಾಲು ಹೆಚ್ಚು. ಆದರೆ ಶಾಫ್ಟ್ ಗಟ್ಟಿಯಾದಷ್ಟೂ ಪೆಟ್ಟು ಹಿಂದಕ್ಕೆ ಸರಿದು ಕ್ರೌನ್-ಪಿನಿಯನ್, ಜಾಯಿಂಟ್, ಗೇರ್‌ಬಾಕ್ಸ್ ಹುಡುಕುತ್ತದೆ. ಕಾಡಿನ ನಡುವೆ ಹೌಸಿಂಗ್ ಬಿಚ್ಚುವುದಕ್ಕಿಂತ ಶಾಫ್ಟ್ ಬದಲಿಸುವುದು ವಾಸಿ. ಅದಕ್ಕೇ ನನ್ನ ಮತ ಅತಿ ಗಟ್ಟಿ ಶಾಫ್ಟಿಗಲ್ಲ, ಫುಲ್ ಫ್ಲೋಟಿಂಗ್ ಆಕ್ಸಲ್ಲಿಗೆ. ಅದರಲ್ಲಿ ಗಾಡಿಯ ಭಾರ ಹಬ್ಬಿನ ಮೇಲಿರುತ್ತದೆ, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಮುರಿದರೂ ಚಕ್ರ ಕಳಚಿ ಹೋಗದು. ಯುದ್ಧಕಾಲದ ವಿಲ್ಲೀಸ್ ಜೀಪಿನ ಹಿಂಬದಿಗೆ ಇಂಥದ್ದೇ ಇತ್ತು. ಆಮೇಲೆ ನಾಗರಿಕರ ಹೆಚ್ಚಿನ ಸಿಜೆಗಳಿಗೆ ಬಂದದ್ದು ಸೆಮಿ ಫ್ಲೋಟಿಂಗ್.

ದೊಡ್ಡ ಟೈರಿನ ಮೋಹವನ್ನು ಮಾತ್ರ ಬಿಡಲೇಬೇಕು. 28 ಇಂಚಿನ ಜಾಗಕ್ಕೆ 33 ಇಂಚಿನದು ಬಂದರೆ 5.38ರ ಕ್ರೌನ್-ಪಿನಿಯನ್ 4.56ರಂತೆ ವರ್ತಿಸುತ್ತದೆ. ಗಾಡಿ ಮಂಕಾಯಿತೆಂದು ಮಾಲೀಕ ಎಂಜಿನ್ ಬದಲಿಸುತ್ತಾನೆ. ಹೊಸ ಎಂಜಿನ್ನಿನ ತೂಕಕ್ಕೆ ಮುಂದಿನ ಸ್ಪ್ರಿಂಗ್ ಕುಸಿಯುತ್ತದೆ. ಇಳಿಯುವಾಗ ಹಳೆಯ ಡ್ರಮ್ ಬ್ರೇಕೇ ಗತಿ. ಟೈರು ನಿಗದಿಯಾದ ಮೇಲೆ ಕ್ರೌನ್-ಪಿನಿಯನ್, ಆಮೇಲೆ ಆಕ್ಸಲ್, ಬ್ರೇಕು. ಇಷ್ಟಾದ ಮೇಲೂ ಸಾಲದಿದ್ದರೆ ಎಂಜಿನ್. ಎಷ್ಟೋ ಜೀಪುಗಳಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳದು.

ಕಾನೂನೂ ಎಂಜಿನ್ನನ್ನೇ ಹಿಡಿದು ನೋಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಕೂಡದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ, ಇದನ್ನೇ ಒತ್ತಿ ಹೇಳಿತು. ಬೇರೆ ಕಂಪನಿಯ ಎಂಜಿನ್ ಕೂರಿಸಿದವರು ಆರ್‌ಟಿಒ ಮುಂದೆ ನಿಲ್ಲಬೇಕಾಗುತ್ತದೆ. ಅದೇ ಅಳತೆಯ ಶಾಫ್ಟನ್ನು ಇಎನ್ 24ರಲ್ಲಿ ಮಾಡಿಸಿದವರ ಆರ್‌ಸಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.